ಮಚ್ಚು ಹಿಡಿದವನ ಬಾಗಿಲ ಮುಂದೆ ಐದು ಗಂಟೆ ಕಾದ್ರು, ಕಾಲಿಗೊಂದು ಗುಂಡು ಯಾಕೆ ಹಾಕ್ಲಿಲ್ಲ?

ಪ್ರಶ್ನೆ: ಸಾರ್ ನಮಸ್ಕಾರ. ನಮ್ಮನೆ ಮಾಗಡಿ ರೋಡ್ ಕಡೆ, ಏರಿಯಾ ಹೆಸರು ಬೇಡ. ಹೋದ ತಿಂಗಳು ನಮ್ಮ ಎದುರು ಬಿಲ್ಡಿಂಗಿನ ಫಸ್ಟ್ ಫ್ಲೋರಲ್ಲಿ ಒಬ್ಬ ಹುಡುಗ ಮಚ್ಚು ಹಿಡ್ಕೊಂಡು, ಅವರಮ್ಮನ್ನ ಒಳಗಿಟ್ಕೊಂಡು ಚಿಲಕ ಹಾಕ್ಕೊಂಡ. ಏನೋ ಮಾತ್ರೆ ತಗೊಳ್ತಿದ್ದ, ನಿಲ್ಲಿಸ್ಬಿಟ್ಟಿದ್ದ ಅಂತಾರೆ. ಪೊಲೀಸರ ಹೊಯ್ಸಳ ಗಾಡಿ ಬಂತು, ಆಮೇಲೆ ಇನ್ಸ್‌ಪೆಕ್ಟರ್ ಬಂದ್ರು, ರಾತ್ರಿ ಒಂಬತ್ತರಿಂದ ಎರಡರವರೆಗೂ ಮೆಟ್ಟಿಲ ಮೇಲೆ ನಿಂತು ಮಾತಾಡ್ತಾನೇ ಇದ್ರು, ಸೊಂಟದಲ್ಲಿ ಪಿಸ್ತೂಲಿತ್ತು, ತೆಗೀಲೇ ಇಲ್ಲ. ಒಳಗಿಂದ ಆಯಮ್ಮನ ಮಾತು ಕೇಳಿಸ್ತಾನೇ ಇತ್ತು. ಸುತ್ತ ಟೆರೇಸ್ ಮೇಲೆಲ್ಲ ಜನ ನಿಂತು ವಿಡಿಯೋ, ಲೈವ್ ಮಾಡ್ತಿದ್ರು, ಯಾರೂ ಅವ್ರನ್ನ ದೂರ ಕಳಿಸ್ಲಿಲ್ಲ. ಅವನ ಸೋದರಮಾವನ್ನ ಕರ್ಸಿ ಬಾಗಿಲ ಹತ್ರ ನಿಲ್ಸಿದ್ರು, ಅದಕ್ಕೆ ಅವನು ಇನ್ನೂ ರೇಗಿ ಟಿವಿ ಒಡೆದು ಹಾಕ್ದ. ಕೊನೆಗೆ ತಾನೇ ಮಚ್ಚನ್ನ ಬಾಲ್ಕನಿಯಿಂದ ಕೆಳಗೆಸೆದು ಬಾಗಿಲು ತೆಗ್ದ. ದಿನಾ ಪೇಪರಲ್ಲಿ ರೌಡಿ ಕಾಲಿಗೆ ಗುಂಡು ಅಂತ ಓದ್ತೀವಲ್ಲ, ಇಲ್ಯಾಕೆ ಹೊಡೀಲಿಲ್ಲ? ಅಷ್ಟು ಹೊತ್ತಲ್ಲಿ ಆಯಮ್ಮಂಗೆ ಏನಾದ್ರೂ ಆಗಿದ್ರೆ? ಅಸಲಿಗೆ ಪೊಲೀಸರು ಯಾವಾಗ ಗುಂಡು ಹೊಡೀಬೋದು? ಇನ್ನೊಂದು, ಆ ಹುಡುಗ ಆಸ್ಪತ್ರೆಯಿಂದ ವಾಪಸ್ ಬರ್ತಾನಂತೆ, ಓನರ್‌ಗೆ ಹೇಳಿ ಮನೆ ಖಾಲಿ ಮಾಡ್ಸೋದು ಒಳ್ಳೇದಾ? (ಟೈಲರಿಂಗ್ ಅಂಗಡಿ ಇಟ್ಕೊಂಡಿರೋ ಒಬ್ಬ ಓದುಗರು)

ಉತ್ತರ: ನೋಡಿಮ್ಮಾ, ಮೊದಲೇ ನೇರವಾಗಿ ಹೇಳ್ಬಿಡ್ತೀನಿ, ಆ ರಾತ್ರಿ ಮೆಟ್ಟಿಲ ಮೇಲೆ ಐದು ಗಂಟೆ ನಿಂತಿದ್ದ ಇನ್ಸ್‌ಪೆಕ್ಟರ್ ಮಾಡಿದ್ದು ಸರಿ. ಸೋದರಮಾವನ್ನ ಕರ್ಸಿದ್ದೊಂದು ತಪ್ಪು, ಅದಕ್ಕೆ ಆಮೇಲೆ ಬರ್ತೀನಿ. ನಾನು 30 ವರ್ಷ ಖಾಕಿ ಹಾಕಿದವನು, ಕೊನೇ ಕೆಲವು ವರ್ಷ ಹೊಸ ಪಿಎಸ್‌ಐ ಹುಡುಗ್ರಿಗೆ ಪಾಠ ಹೇಳಿದವನು, ಅದಕ್ಕೆ ಡಿಪಾರ್ಟ್‌ಮೆಂಟ್ ಪರ ಮಾತಾಡ್ತಾನೆ ಅಂತ ನಿಮಗನ್ನಿಸ್ಬೋದು. ಅನ್ನಿಸ್ಲಿ. ಕೆಳಗೆ ಡಿಪಾರ್ಟ್‌ಮೆಂಟಿನವ್ರಿಗೆ ಹಿಡಿಸ್ದೇ ಇರೋದೂ ಇದೆ.

ಮೊದ್ಲು ಈ ಕಾಲಿನ ವಿಷಯ ಮುಗಿಸೋಣ, ಯಾಕಂದ್ರೆ ನಿಮ್ಮೊಬ್ರಿಗೇ ಅಲ್ಲ, ಬೆಂಗಳೂರಲ್ಲಿ ಆಟೋದವ್ರಿಂದ ಹಿಡಿದು ಐಟಿ ಕಂಪನಿಯವ್ರವರೆಗೂ ಎಲ್ಲರ ತಲೇಲೂ ಅದೇ ಕೂತಿದೆ. ಕಾಲು ಅಂದ್ರೆ ಸೇಫ್ ಜಾಗ, ಅಲ್ಲಿಗೆ ಹೊಡೆದ್ರೆ ಬೀಳ್ತಾನೆ, ಆಸ್ಪತ್ರೆಗೆ ಹೋಗ್ತಾನೆ, ಬ್ಯಾಂಡೇಜ್ ಹಾಕ್ಕೊಂಡು ಫೋಟೋಗೆ ನಿಲ್ತಾನೆ ಅಂತ. ನಿಜ ಏನಂದ್ರೆ ತೊಡೆ ಒಳಗೆ ಹೆಚ್ಚುಕಮ್ಮಿ ಕಿರುಬೆರಳು ದಪ್ಪದ ರಕ್ತನಾಳ ಒಂದು ಓಡುತ್ತೆ, ಅದಕ್ಕೆ ಬಿತ್ತು ಅಂದ್ರೆ ಕೆಲವೇ ನಿಮಿಷದಲ್ಲಿ ಮನುಷ್ಯ ಹೋಗ್ಬಿಡ್ತಾನೆ, ಆಂಬುಲೆನ್ಸ್ ಮಾಗಡಿ ರೋಡ್ ಟ್ರಾಫಿಕ್ಕಲ್ಲಿ ಇನ್ನೂ ಹಾರ್ನ್ ಹೊಡೀತಿರುತ್ತೆ. ಸರಿ, ಅದು ಬಿದ್ರೆ. ಬೀಳೋದೇ ಕಷ್ಟ. ಓಡಾಡ್ತಿರೋ ಮನುಷ್ಯನ ಕಾಲು ಎಷ್ಟು ಅಗಲ ಇರುತ್ತೆ ಹೇಳಿ? ಫೈರಿಂಗ್ ಪ್ರಾಕ್ಟೀಸ್ ಜಾಗದಲ್ಲಿ ನಿಂತು ಅಲ್ಲಾಡ್ದೇ ಇರೋ ಬೋರ್ಡಿಗೆ ಹೊಡೆಯೋದೇ ಬೇರೆ, ಎದೆ ಢವಢವ ಅಂತಿರೋವಾಗ ಕತ್ತಲ ಪ್ಯಾಸೇಜಲ್ಲಿ ಹೊಡೆಯೋದೇ ಬೇರೆ. ನ್ಯೂಯಾರ್ಕ್ ಪೊಲೀಸರ ಬಗ್ಗೆ ರಾಂಡ್ ಅನ್ನೋ ಸಂಸ್ಥೆ 2008ರಲ್ಲಿ ಒಂದು ವರದಿ ಕೊಡ್ತು. ಎದುರಿನವನೂ ಗುಂಡು ಹಾರಿಸ್ತಿದ್ದಾಗ ಪೊಲೀಸರು ಹೊಡೆದ 100 ಗುಂಡಲ್ಲಿ ಸರಾಸರಿ 18 ಮಾತ್ರ ತಗುಲಿದ್ವು. ಅವನು ವಾಪಸ್ ಹೊಡೀದೇ ಇದ್ದಾಗಲೂ ಸುಮಾರು 30. ಕಾಲಿಗಲ್ಲ, ಇಡೀ ಮೈಗೆ! ಇನ್ನು ಮೂರೋ ಆರೋ ತಿಂಗಳಿಗೊಮ್ಮೆ ನಾಲ್ಕು ಗುಂಡು ಪ್ರಾಕ್ಟೀಸ್ ಮಾಡೋ ನಮ್ಮ ಸ್ಟೇಷನ್ ಹುಡುಗ್ರ ಲೆಕ್ಕ ನೀವೇ ಹಾಕಿ.

ಉಳಿದ ಗುಂಡುಗಳು ಎಲ್ಲೋಗ್ತವೆ? ಆ ಮನೇಲಿ ಟೈಲ್ಸ್ ನೆಲ, ಕಾಂಕ್ರೀಟ್ ಗೋಡೆ, ಮಧ್ಯ ಆಯಮ್ಮ, ಕಿಟಕಿ ಆಚೆ ನಿಮ್ಮನೆ. ಕೆಳಕ್ಕೆ ಹೊಡೆದ ಗುಂಡು ಗಟ್ಟಿ ನೆಲಕ್ಕೆ ಬಡಿದು ಚಿಮ್ಮುತ್ತೆ, ಯಾವ ಕಡೆಗೆ ಅಂತ ಯಾರೂ ಹೇಳಕ್ಕಾಗಲ್ಲ. ಗಾಳೀಲಿ ಒಂದು ಗುಂಡು ಹಾರಿಸಿ ಹೆದರಿಸ್ಬೋದಿತ್ತಲ್ಲ ಅಂತೀರಾ, ಮೇಲೆ ಹೋಗಿದ್ದು ಕೆಳಗೆ ಬರ್ಲೇಬೇಕಲ್ವಾ, ನಿಮ್ಮ ಏರಿಯಾದಲ್ಲಿ ಟೆರೇಸ್ ಮೇಲೆ ನಿಂತು ವಿಡಿಯೋ ಮಾಡ್ತಿದ್ದ ಜನ ಎಷ್ಟಿದ್ರು ಅಂತ ನೀವೇ ನೋಡಿದ್ದೀರಿ.

ಹಾಗಾದ್ರೆ ಪೇಪರಲ್ಲಿ ಬರೋದೇನು ಅಂತ ಕೇಳಿದ್ರಿ. ಅಲ್ಲಿ ಬರೋ ಕತೆ ಹೆಚ್ಚುಕಮ್ಮಿ ಒಂದೇ ಅಚ್ಚಿಂದು, ಗಮನಿಸಿ ನೋಡಿ. ಆರೋಪಿ ಆಗ್ಲೇ ಅರೆಸ್ಟ್ ಆಗಿರ್ತಾನೆ, ಮಹಜರಿಗೆ ಅಂತ ಬೆಳಗಿನ ಜಾವ ಕರ್ಕೊಂಡು ಹೋಗ್ತಾರೆ, ಅವನು ಅಲ್ಲಿ ಬಚ್ಚಿಟ್ಟಿದ್ದ ಡ್ರ್ಯಾಗರ್ ತೆಗೆದು ಕಾನ್‌ಸ್ಟೇಬಲ್ ಕೈಗೆ ಗೀರ್ತಾನೆ, ಇನ್ಸ್‌ಪೆಕ್ಟರ್ ಒಂದು ಗುಂಡು ಗಾಳೀಲಿ, ಇನ್ನೊಂದು ಮೊಣಕಾಲಿಗೆ. ಇದರಲ್ಲಿ ನಿಜವಾಗ್ಲೂ ನಡೆದ ಕೇಸುಗಳಿವೆ, ನನಗೇ ಗೊತ್ತು. ಆದ್ರೆ ಪ್ರತೀ ಸಲ ಅದೇ ಮೊಣಕಾಲು, ಅದೇ ಬೆಳಗಿನ ಜಾವ ಆದ್ರೆ ಓದೋರಿಗೆ ಅನುಮಾನ ಬರೋದು ತಪ್ಪಾ? ನಾನು ಟ್ರೇನಿಂಗಲ್ಲಿ ಹುಡುಗ್ರಿಗೆ ಕೇಳ್ತಿದ್ದೆ, ಅಲ್ಲಪ್ಪಾ, ಆರೋಪಿ ನಿನ್ನ ಕಸ್ಟಡೀಲಿದ್ದಾನೆ, ನಾಲ್ಕು ಜನ ಜೊತೆಗಿದ್ದೀರಿ, ಆ ಜಾಗವನ್ನ ಮೊದ್ಲೇ ತಡಕಾಡದೆ ಅವನನ್ನ ಹತ್ರ ಬಿಟ್ಟಿದ್ದು ಯಾರ ತಪ್ಪು? ಅಲ್ಲಿ ಗುಂಡು ಹೊಡೆದಿದ್ದು ಕಾನೂನು ಪ್ರಕಾರ ಸರಿ ಅಂತಾನೇ ಇಟ್ಕೊಳ್ಳೋಣ, ಆ ಪರಿಸ್ಥಿತಿ ತಂದ್ಕೊಂಡಿದ್ದು ಕೆಟ್ಟ ಕೆಲ್ಸ. ಈಗ ಇನ್ನೊಂದು ವಿಷಯ ಇದೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಶೋಧನೆ, ಜಪ್ತಿ ಎಲ್ಲವನ್ನೂ ವಿಡಿಯೋ ಮಾಡ್ಬೇಕು ಅನ್ನುತ್ತೆ, ಮೊಬೈಲಲ್ಲಾದ್ರೂ ಸರಿ. ಹಾಗಾಗಿ ವಸ್ತು ಜಪ್ತಿ ಮಾಡೋಕೆ ಅಂತ ಹೋದಾಗ್ಲೇ ಇದು ನಡೀತು ಅಂದ್ರೆ ವಿಡಿಯೋ ಎಲ್ಲಿ ಅಂತ ಕೋರ್ಟು ಕೇಳೋಕೆ ಈಗ ದಾರಿ ಇದೆ.

ಕಾಲಿಗೆ ಹೊಡೆದ್ರೆ ತನಿಖೆ ಇಲ್ಲ ಅಂತ ಎಷ್ಟೋ ಜನ ಅಂದ್ಕೊಂಡಿದ್ದಾರೆ, ನಮ್ಮವ್ರೂ ಸೇರಿ. ಹಾಗಿಲ್ಲ. 2014ರ ಸೆಪ್ಟೆಂಬರಲ್ಲಿ ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕುಗಳ ಸಂಘಟನೆ ಮತ್ತು ಮಹಾರಾಷ್ಟ್ರ ಸರ್ಕಾರದ ಕೇಸಲ್ಲಿ ಸುಪ್ರೀಂ ಕೋರ್ಟು 16 ಅಂಶಗಳ ಮಾರ್ಗಸೂಚಿ ಕೊಡ್ತು. ಎನ್‌ಕೌಂಟರಲ್ಲಿ ಸಾವಾದ್ರೆ ಎಫ್‌ಐಆರ್ ಆಗ್ಬೇಕು, ತನಿಖೆ ಸಿಐಡಿ ಅಥ್ವಾ ಬೇರೆ ಸ್ಟೇಷನ್ನಿನವ್ರು ಮಾಡ್ಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗ್ಬೇಕು, ಹೊಡೆದವ್ರು ಆಯುಧ ಒಪ್ಪಿಸ್ಬೇಕು, ಘಟನೆ ಆದ ಕೂಡ್ಲೇ ಪ್ರಮೋಷನ್, ಶೌರ್ಯ ಪದಕ ಅಂತೆಲ್ಲ ಕೊಡಂಗಿಲ್ಲ. ಕೊನೇಲಿ ಒಂದು ಸಾಲು ಇದೆ, ತೀವ್ರ ಗಾಯ ಆದ ಕೇಸುಗಳಿಗೂ ಸಾಧ್ಯ ಆದಷ್ಟು ಇದೇ ಅನ್ವಯ ಅಂತ. ಆ ಸಾಲನ್ನ ಎಲ್ಲಾ ಸ್ಟೇಷನ್ ಗೋಡೆ ಮೇಲೂ ಬರೆಸ್ಬೇಕು ಅಂತ ನನ್ನಾಸೆ.

ಈಗ ಯಾವಾಗ ಹೊಡೀಬೋದು ಅನ್ನೋದಕ್ಕೆ. ಜನಕ್ಕೆ ಆಶ್ಚರ್ಯ ಆಗುತ್ತೆ, ಆದ್ರೆ ಜೀವ ತೆಗೆಯೋ ವಿಷಯಕ್ಕೆ ಬಂದ್ರೆ ಪೊಲೀಸರಿಗೆ ಅಂತ ಸ್ಪೆಷಲ್ ಲೈಸೆನ್ಸ್ ಏನೂ ಇಲ್ಲ, ಬಹುಪಾಲು ನಿಮಗಿರೋ ಆತ್ಮರಕ್ಷಣೆ ಹಕ್ಕೇ ಅವ್ರಿಗೂ ಇರೋದು. ಭಾರತೀಯ ನ್ಯಾಯ ಸಂಹಿತೇಲಿ 34ರಿಂದ 44ನೇ ಕಲಮಿನವರೆಗೆ ಬರುತ್ತೆ. ತನಗೋ ಇನ್ನೊಬ್ರಿಗೋ ಪ್ರಾಣ ಹೋಗುತ್ತೆ ಅಥ್ವಾ ತೀವ್ರ ಗಾಯ ಆಗುತ್ತೆ ಅನ್ನೋ ನ್ಯಾಯವಾದ ಭಯ ಆ ಕ್ಷಣದಲ್ಲಿ ಇರ್ಬೇಕು, ಆವಾಗ್ಲೂ ಎಷ್ಟು ಬೇಕೋ ಅಷ್ಟೇ. ಅರೆಸ್ಟ್ ಮಾಡೋಕೆ ಬಲ ಬಳಸ್ಬೋದು ಅಂತ ಸುರಕ್ಷಾ ಸಂಹಿತೆಯ 43ನೇ ಕಲಮು ಹೇಳುತ್ತೆ, ಜೊತೆಗೇ, ಮರಣದಂಡನೆಯೋ ಜೀವಾವಧಿಯೋ ಆಗೋ ಅಪರಾಧದ ಆರೋಪ ಇಲ್ದೇ ಇರೋನನ್ನ ಅರೆಸ್ಟ್ ಹೆಸರಲ್ಲಿ ಸಾಯಿಸೋ ಹಕ್ಕು ಇದ್ರಿಂದ ಬರಲ್ಲ ಅಂತಾನೂ ಹೇಳುತ್ತೆ. ಹಳೇ ಸಿಆರ್‌ಪಿಸಿಲೂ ಇದೇ ಇತ್ತು, ಹೊಸದೇನಲ್ಲ. ವಿಶ್ವಸಂಸ್ಥೆ 1990ರಲ್ಲಿ ಹವಾನಾದಲ್ಲಿ ಮಾಡಿದ ತತ್ವಗಳೂ ಇದನ್ನೇ ಇನ್ನೂ ಬಿಗಿಯಾಗಿ ಹೇಳ್ತವೆ, ಪ್ರಾಣ ಉಳಿಸೋಕೆ ಬೇರೆ ದಾರಿನೇ ಇಲ್ಲ ಅಂದಾಗ ಮಾತ್ರ ಉದ್ದೇಶಪೂರ್ವಕವಾಗಿ ಪ್ರಾಣ ತೆಗೀಬೋದು ಅಂತ.

ಅಂದ್ರೆ ನಿಮ್ಮ ಎದುರು ಮನೇಲಿ ಆ ಹುಡುಗ ಅಮ್ಮನ ಕುತ್ತಿಗೆ ಮೇಲೆ ಮಚ್ಚು ಎತ್ತಿದ್ದು ಇನ್ಸ್‌ಪೆಕ್ಟರ್ ಕಣ್ಣಿಗೆ ಬಿದ್ದಿದ್ರೆ, ಆಗ ಹೊಡೀಬೋದಿತ್ತು, ಆವಾಗ ಕಾಲಿಗಲ್ಲ, ನಿಲ್ಲಿಸೋಕೆ ಹೊಡೀಬೇಕಿತ್ತು. ಆದ್ರೆ ಮಚ್ಚು ಕೈಲಿದೆ, ಬಾಗಿಲು ಮುಚ್ಚಿದೆ, ಅಮ್ಮ ಒಳಗಿಂದ ಮಾತಾಡ್ತಿದ್ದಾಳೆ ಅಂದ್ರೆ ಆ ಹಕ್ಕು ಇನ್ನೂ ಹುಟ್ಟಿಲ್ಲ.

ಮಚ್ಚಿನ ಬಗ್ಗೆ ಒಂದು ಮಾತು, ಯಾಕಂದ್ರೆ ಬಂದೂಕಿನ ಮುಂದೆ ಮಚ್ಚು ಏನ್ ಮಹಾ ಅಂತ ಕಾಮೆಂಟ್ ಮಾಡೋರು ಬಹಳ. ಅಮೆರಿಕದ ಸಾಲ್ಟ್ ಲೇಕ್ ಸಿಟೀಲಿ ಡೆನ್ನಿಸ್ ಟ್ಯೂಲರ್ ಅನ್ನೋ ಪೊಲೀಸ್ ಟ್ರೇನರ್ 1983ರಲ್ಲಿ ಬರೆದಿದ್ದು, ಚಾಕು ಹಿಡಿದವನು 21 ಅಡಿ ದೂರದಿಂದ ಓಡಿ ಬರೋಕೆ ಸುಮಾರು ಒಂದೂವರೆ ಸೆಕೆಂಡ್ ಸಾಕು, ಅಷ್ಟರಲ್ಲಿ ಪೊಲೀಸ್ ಪಿಸ್ತೂಲ್ ತೆಗೆದು ಹೊಡೆಯೋ ಹೊತ್ತೂ ಮುಗಿದಿರುತ್ತೆ ಅಂತ. 21 ಅಡಿ ಅಂದ್ರೆ ನಮ್ಮ ಟ್ವೆಂಟಿ ಥರ್ಟಿ ಸೈಟಿನ ಅಗಲಕ್ಕಿಂತ ಒಂದಡಿ ಜಾಸ್ತಿ. ಬೆಂಗಳೂರಿನ ಮೆಟ್ಟಿಲು, ಪ್ಯಾಸೇಜು, ವಠಾರದಲ್ಲಿ ಅಷ್ಟು ದೂರ ಎಲ್ಲಿ ಸಿಗುತ್ತೆ ಹೇಳಿ. ಇದನ್ನ ಓದಿ ಎಷ್ಟೋ ಪೊಲೀಸರು 21 ಅಡಿ ಒಳಗೆ ಬಂದ್ರೆ ಹೊಡೀಬೋದು ಅಂತ ಅರ್ಥ ಮಾಡ್ಕೊಂಡ್ರು, ಅದು ಉಲ್ಟಾ ಪಾಠ. ಹತ್ರ ಹೋಗ್ಬೇಡ, ಮಧ್ಯ ಏನಾದ್ರೂ ಅಡ್ಡ ಇಟ್ಕೋ, ಅದು ಪಾಠ. ಗ್ರಿಲ್ ಗೇಟು, ಜೀಪು, ನೀರಿನ ಡ್ರಮ್ಮು, ಮೆಟ್ಟಿಲ ತಿರುವು, ಏನಾದ್ರೂ ಸರಿ. ನಡುವೆ ಒಂದು ಗಟ್ಟಿ ಬಾಗಿಲಿದ್ರೆ ಮಚ್ಚಿಗೆ ಕೆಲ್ಸವೇ ಇಲ್ಲ, ಹೊತ್ತು ಎಷ್ಟು ಬೇಕಾದ್ರೂ ಸಿಗುತ್ತೆ. ನಿಮ್ಮ ಇನ್ಸ್‌ಪೆಕ್ಟರ್ ಮೆಟ್ಟಿಲ ಮೇಲೆ ನಿಂತಿದ್ದು ಹೆದ್ರಿ ಅಲ್ಲಮ್ಮಾ.

ಇದು ನನಗೆ ಪುಸ್ತಕದಿಂದ ಬಂದಿದ್ದಲ್ಲ. ತೊಂಬತ್ತರ ದಶಕದಲ್ಲಿ ನಾನಿನ್ನೂ ಹೊಸ ಪಿಎಸ್‌ಐ, ಇಂಥದ್ದೇ ಒಂದು ಶೀಟ್ ಮನೆ, ಒಳಗೆ ಒಬ್ಬನೇ ಇದ್ದ, ಕುಡಿದಿದ್ದ, ಕೈಲಿ ಲಾಂಗು. ಬೇರೆ ಯಾರೂ ಒಳಗಿರ್ಲಿಲ್ಲ, ಮನೆಗೆ ಇನ್ನೊಂದು ಬಾಗಿಲೂ ಇರ್ಲಿಲ್ಲ, ಬೆಳಗಾಗೋವರೆಗೂ ಕಾದಿದ್ರೆ ಅವನೇ ನಿದ್ದೆ ಹೋಗಿರ್ತಿದ್ದ. ಆದ್ರೆ ವಾಕಿಟಾಕೀಲಿ ಹತ್ತು ನಿಮಿಷಕ್ಕೊಂದು ಸಲ ಮೇಲಿನವ್ರು ಮುಗೀತಾ, ಮುಗೀತಾ ಅಂತ ಕೇಳ್ತಿದ್ರು, ಸುತ್ತ ಜನ ಬೇರೆ ನಗ್ತಿದ್ರು, ನನಗೆ ಮರ್ಯಾದೆ ಪ್ರಶ್ನೆ ಆಗ್ಬಿಡ್ತು, ಬಾಗಿಲು ಒದ್ದೆ. ನನ್ನ ಪಕ್ಕ ಇದ್ದ ದಫೇದಾರರ ಎಡಗೈ ಮೇಲೆ ಬಿತ್ತು. ಅವ್ರಿಗೆ ಇವತ್ತಿಗೂ ಎರಡು ಬೆರಳು ಮಡಚಲ್ಲ. ಸಿಕ್ಕಿದಾಗೆಲ್ಲ ಆ ಕೈಯಲ್ಲೇ ಸಲ್ಯೂಟ್ ಹೊಡೆದು ನಗ್ತಾರೆ, ನನಗೆ ನಗೋಕಾಗಲ್ಲ.

ಕಾಯೋದು ಅನ್ನೋದು ಸುಮ್ನೆ ನಿಂತ್ಕೊಳ್ಳೋದಲ್ಲ, ಅದೊಂದು ಕೆಲ್ಸ. ಇದು ಶಾಸ್ತ್ರವಾಗಿ ಬೆಳೆದಿದ್ದು 1972ರ ಮ್ಯೂನಿಕ್ ಆದ್ಮೇಲೆ. ಒಲಿಂಪಿಕ್ಸಲ್ಲಿ ಉಗ್ರರ ಕೈಗೆ ಸಿಕ್ಕಿದ್ದ ಇಸ್ರೇಲಿನ 11 ಜನ ಸತ್ರು, ಜರ್ಮನ್ ಪೊಲೀಸರು ಏರ್‌ಫೀಲ್ಡಲ್ಲಿ ತಯಾರಿ ಇಲ್ದೇ ಗುಂಡು ಹಾರಿಸೋಕೆ ಹೋಗಿ ಎಲ್ಲಾ ಕೆಟ್ಟೋಯ್ತು. ಅದನ್ನ ನೋಡಿ ನ್ಯೂಯಾರ್ಕಲ್ಲಿ ಹಾರ್ವೆ ಶ್ಲಾಸ್‌ಬರ್ಗ್ ಅನ್ನೋ ಸೈಕಾಲಜಿ ಓದಿದ ಡಿಟೆಕ್ಟಿವ್ ಮತ್ತೆ ಫ್ರಾಂಕ್ ಬೋಲ್ಜ್ ಅನ್ನೋ ಅಧಿಕಾರಿ ಸೇರಿ ಮಾತುಕತೆ ಟೀಮ್ ಕಟ್ಟಿದ್ರು. 1973ರ ಜನವರೀಲಿ ಬ್ರೂಕ್ಲಿನ್‌ನ ಒಂದು ಬಂದೂಕು ಅಂಗಡೀಲಿ ದರೋಡೆಕೋರರು ಜನರನ್ನ ಹಿಡ್ಕೊಂಡು ಕೂತಾಗ, ಶುರುವಲ್ಲೇ ಒಬ್ಬ ಪೊಲೀಸ್ ಸತ್ತಿದ್ರೂ ಸೇಡಿಗೆ ಅಂತ ನುಗ್ಗದೆ 47 ಗಂಟೆ ಕಾದ್ರು, ಒತ್ತೆಯಾಳುಗಳು ಜೀವಂತ ಆಚೆ ಬಂದ್ರು, ಅವರೂ ಶರಣಾದ್ರು. ಅದೇ ವರ್ಷ ಸ್ವೀಡನ್ನಿನ ಸ್ಟಾಕ್‌ಹೋಮಲ್ಲಿ ಒಂದು ಬ್ಯಾಂಕಲ್ಲಿ ಹೀಗೇ ಜನರನ್ನ ಹಿಡ್ಕೊಂಡು ಕೂತಾಗ 6 ದಿನ. 1975ರಲ್ಲಿ ಲಂಡನ್ನಿನ ಬಾಲ್‌ಕೂಂಬ್ ಸ್ಟ್ರೀಟಲ್ಲಿ ಐಆರ್‌ಎ ಅನ್ನೋ ಐರಿಷ್ ಉಗ್ರ ಸಂಘಟನೆಯ ನಾಲ್ಕು ಜನ ಗಂಡಹೆಂಡ್ತೀನ ಹಿಡ್ಕೊಂಡು ಕೂತಾಗ್ಲೂ 6 ದಿನ, ಆ ಇಬ್ರಿಗೂ ಏನೂ ಆಗ್ಲಿಲ್ಲ.

ಹೊತ್ತು ಹೋದಷ್ಟೂ ಏನಾಗುತ್ತೆ ಅಂದ್ರೆ, ಮೊದಲ ಅರ್ಧ ಮುಕ್ಕಾಲು ಗಂಟೆ ಎಲ್ಲಕ್ಕಿಂತ ಅಪಾಯ, ಒಳಗಿರೋನ ತಲೆ ಬಿಸಿ, ಪೊಲೀಸರದ್ದೂ ಬಿಸಿ. ಆಮೇಲೆ ಮೈ ಸುಸ್ತಾಗುತ್ತೆ, ಬಾಯಾರಿಕೆ ಆಗುತ್ತೆ, ಒಂದಕ್ಕೆ ಹೋಗ್ಬೇಕು ಅನ್ಸುತ್ತೆ, ಕೋಪವನ್ನ ಐದು ಗಂಟೆ ಅದೇ ಮಟ್ಟದಲ್ಲಿ ಹಿಡಿದಿಟ್ಕೊಳ್ಳೋಕೆ ಯಾವ ಮನುಷ್ಯನಿಗೂ ಆಗಲ್ಲ. ಆ ಹೊತ್ತಿಗೆ ಮಾತಾಡೋನು ಒಬ್ಬನೇ ಇರ್ಬೇಕು, ಹತ್ತು ಜನ ಹತ್ತು ಕಡೆಯಿಂದ ಕೂಗಂಗಿಲ್ಲ. ಮಾತಾಡೋನಿಗೆ ತೀರ್ಮಾನ ತಗೊಳ್ಳೋ ಅಧಿಕಾರ ಇರ್ಬಾರ್ದು, ತೀರ್ಮಾನ ತಗೊಳ್ಳೋ ಸಾಹೇಬ್ರು ಮಾತಾಡ್ಬಾರ್ದು. ಇದು ಹುಡುಗ್ರಿಗೆ ಅರ್ಥ ಮಾಡಿಸೋಕೆ ನನಗೆ ಬಹಳ ಕಷ್ಟ ಆಗ್ತಿತ್ತು, ಯಾಕಂದ್ರೆ ನಮ್ಮಲ್ಲಿ ದೊಡ್ಡ ಸಾಹೇಬ್ರು ಸ್ಪಾಟಿಗೆ ಬಂದ್ರೆ ಮೈಕ್ ಅವರ ಕೈಗೇ ಹೋಗುತ್ತೆ. ಒಳಗಿರೋನು ಏನೋ ಕೇಳ್ತಾನೆ ಅನ್ನಿ, ಪಿಎಸ್‌ಐ ಆದ್ರೆ "ಕೇಳಿ ಹೇಳ್ತೀನಪ್ಪಾ, ಒಂಚೂರು ಟೈಮ್ ಕೊಡು" ಅನ್ಬೋದು. ಡಿಸಿಪಿಯವ್ರೇ ಮುಂದೆ ನಿಂತಿದ್ರೆ ಯಾರನ್ನ ಕೇಳ್ತೀನಿ ಅಂತಾರೆ? ಹೂಂ ಅನ್ಬೇಕು ಇಲ್ಲ ಊಹೂಂ ಅನ್ಬೇಕು, ಅಲ್ಲಿಗೆ ಮಾತು ಮುಗೀತು.

ಮಾತುಕತೆ ಅಂದ್ರೆ ಕೇಳಿದ್ದೆಲ್ಲ ಕೊಡೋದು ಅಂತ ಒಂದು ಭಾವನೆ ಇದೆ, ಅದಕ್ಕೆ ನಮ್ಮ ರಾಜ್ಯದ ಅನುಭವವೂ ಕಾರಣ ಇರ್ಬೋದು. 2000ದ ಜುಲೈ 30ರಂದು ಗಾಜನೂರಿಂದ ಅಣ್ಣಾವ್ರನ್ನ ವೀರಪ್ಪನ್ ಕರ್ಕೊಂಡು ಹೋದಾಗ ನಾನು ಬೆಂಗಳೂರಲ್ಲಿ ಬಂದೋಬಸ್ತ್ ಡ್ಯೂಟೀಲಿದ್ದೆ, 108 ದಿನ ಊರು ಉಸಿರು ಬಿಗಿ ಹಿಡಿದಿತ್ತು. ಅವನ ಬೇಡಿಕೆಗೆ ಒಪ್ಪಿ ಟಾಡಾ ಅನ್ನೋ ಭಯೋತ್ಪಾದನೆ ತಡೆ ಕಾಯ್ದೇಲಿ ಜೈಲಲ್ಲಿದ್ದವ್ರ ಮೇಲಿನ ಕೇಸು ವಾಪಸ್ ತಗೊಳ್ಳೋಕೆ ಸರ್ಕಾರ ಹೊರಟಿದ್ದನ್ನ, ವೀರಪ್ಪನ್ ಕಡೆಯವ್ರ ಕೈಲಿ ಸತ್ತ ಒಬ್ಬ ಎಸ್‌ಐನ ತಂದೆ ಸುಪ್ರೀಂ ಕೋರ್ಟಲ್ಲಿ ಪ್ರಶ್ನೆ ಮಾಡಿದ್ರು, ನವೆಂಬರಲ್ಲಿ ಕೋರ್ಟು ಅದನ್ನ ಒಪ್ಲಿಲ್ಲ. ಅದಾದ ಒಂದೇ ವಾರಕ್ಕೆ, ನವೆಂಬರ್ 15ಕ್ಕೆ ಅಣ್ಣಾವ್ರು ವಾಪಸ್ ಬಂದ್ರು. ಇನ್ನೆರಡು ವರ್ಷಕ್ಕೆ ಮಾಜಿ ಸಚಿವ ನಾಗಪ್ಪನವ್ರನ್ನ ಹಿಡ್ಕೊಂಡು ಹೋದಾಗ ಅವ್ರು ಜೀವಂತ ಬರ್ಲಿಲ್ಲ. ಕಾಡಿನ ಲೆಕ್ಕ ಬೇರೆ, ಅಲ್ಲಿ ಸುತ್ತುವರಿಯೋಕೇ ಆಗಲ್ಲ, ನಿಮ್ಮ ಎದುರು ಮನೆಗೂ ಅದಕ್ಕೂ ಹೋಲಿಕೆ ಇಲ್ಲ. ಮನೆ ಒಳಗೆ ಸಿಕ್ಕಿ ಹಾಕ್ಕೊಂಡವನು ಕೇಳೋದು ಬೀಡಿ, ಟೀ, ಫೋನ್ ಚಾರ್ಜರ್, ಹೆಂಡ್ತಿ ಜೊತೆ ಎರಡು ಮಾತು. ಟೀ ಕೊಡ್ಬೋದು, ಬದಲಿಗೆ ಏನಾದ್ರೂ ಕೇಳ್ಬೇಕು, ಅಮ್ಮನ್ನ ಕಿಟಕಿ ಹತ್ರ ಒಂದ್ಸಲ ನಿಲ್ಸು ನೋಡೋಣ ಅಂತ. ಆಯುಧ, ಕುಡಿಯೋಕೆ ಎಣ್ಣೆ ಇವೆರಡು ಯಾವತ್ತೂ ಇಲ್ಲ. ಸುಳ್ಳು ಹೇಳ್ಬಾರ್ದು, ಸಿಕ್ಕಿಬಿದ್ರೆ ಆಮೇಲೆ ನಿಜ ಹೇಳಿದ್ರೂ ನಂಬಲ್ಲ.

ಸೋದರಮಾವನ ವಿಷಯ ಇಲ್ಲಿ ಬರುತ್ತೆ. ನಮ್ಮವ್ರಿಗೆ ತಕ್ಷಣ ಹೊಳೆಯೋದೇ ಮನೇವ್ರನ್ನ ಕರ್ಸೋದು, ಮಾತು ಕೇಳ್ತಾನೆ ಅಂತ. ಆದ್ರೆ ಆ ಹುಡುಗನಿಗೆ ಇಷ್ಟು ಸಿಟ್ಟು ಬರೋಕೆ ಕಾರಣ ಆ ಮಾವನೇ ಇರ್ಬೋದಲ್ವಾ? ಸೈಟಿನ ಜಗಳನೋ, ಮದ್ವೆ ವಿಷಯನೋ ಏನೋ. ಇನ್ನೂ ಕೆಟ್ಟದ್ದು ಅಂದ್ರೆ, ಸಾಯ್ಬೇಕು ಅಂತ ನಿರ್ಧಾರ ಮಾಡಿರೋನು ಒಬ್ರನ್ನ ಕರೀರಿ ಅಂತಾನೆ, ಅವ್ರ ಕಣ್ಣೆದುರೇ ಸಾಯೋಕೆ. ಅದಕ್ಕೆ ಸಂಬಂಧಿಕರನ್ನ ಕರ್ಸಿ, ಆದ್ರೆ ಕೆಳಗೆ ಜೀಪಲ್ಲಿ ಕೂರ್ಸಿ ವಿಚಾರ ಕೇಳಿ. ಯಾವ ಮಾತ್ರೆ, ಯಾವ ಡಾಕ್ಟ್ರು, ಏನಂದ್ರೆ ಸಿಟ್ಟು ಬರುತ್ತೆ, ಚಿಕ್ಕೋನಾಗಿದ್ದಾಗ ಏನಂತ ಕರೀತಿದ್ರು. ಬಾಗಿಲ ಮುಂದೆ ಬೇಡ. ತೀರಾ ಬೇಕೇ ಬೇಕು ಅಂದ್ರೆ ಧ್ವನಿ ರೆಕಾರ್ಡ್ ಮಾಡಿ, ಮೊದ್ಲು ತಾವು ಕೇಳಿ, ಆಮೇಲೆ ಕೇಳ್ಸಿ.

ಮಾತ್ರೆ ಬಿಟ್ಟಿದ್ದ ಅಂತ ಬರ್ದಿದ್ದೀರಿ, ನನ್ನ ಪ್ರಕಾರ ನಿಮ್ಮ ಇಡೀ ಪತ್ರದಲ್ಲಿ ಮುಖ್ಯವಾದ್ದು ಇದು. ಅವನು ರೌಡಿ ಅಲ್ಲ, ಕಾಯಿಲೆಯವನು. ಗದರಿಸಿ ಆಯುಧ ಕೆಳಗಿಡು ಅಂತ ಹತ್ತು ಸಲ ಕೂಗಿದ್ರೆ ಕಳ್ಳ ಹೆದರ್ಬೋದು, ಕಿವೀಲಿ ಬೇರೆ ಧ್ವನಿಗಳು ಕೇಳಿಸ್ತಿರೋನಿಗೆ ಅದು ಇನ್ನೊಂದು ಗಲಾಟೆ ಅಷ್ಟೇ. ಅಮೆರಿಕದ ಮೆಂಫಿಸಲ್ಲಿ ಇಂಥ ಒಬ್ಬನನ್ನ ಪೊಲೀಸರು ಹೊಡೆದು ಸಾಯಿಸಿದ್ಮೇಲೆ 1988ರಲ್ಲಿ ಇದಕ್ಕೇ ಅಂತ ಬೇರೆ ತರಬೇತಿ ಶುರು ಮಾಡಿದ್ರು. ಲೂಯಿವಿಲ್ ಅನ್ನೋ ಊರಲ್ಲಿ ದೂರ ನಿಲ್ಲು, ಅಡ್ಡ ಇಟ್ಕೋ, ಮಾತಾಡು ಅನ್ನೋ ತರಬೇತಿ ಕೊಟ್ಟು ಅಳೆದು ನೋಡಿದ್ರು, ಬಲಪ್ರಯೋಗ 28%, ಜನಕ್ಕೆ ಆಗೋ ಗಾಯ 26%, ಪೊಲೀಸರಿಗೆ ಆಗೋ ಗಾಯ 36% ಇಳೀತು. ಕೊನೇ ಅಂಕಿ ನೋಡಿ, ಮಾತಾಡಿದ್ರೆ ಜಾಸ್ತಿ ಉಳಿಯೋದು ಖಾಕಿಯವ್ರೇ. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಮು ಪೊಲೀಸರ ಮೇಲೆ ಜವಾಬ್ದಾರಿ ಹಾಕಿದೆ, ಮಾನಸಿಕ ಕಾಯಿಲೆಯಿಂದ ತನಗೋ ಬೇರೆಯವ್ರಿಗೋ ಅಪಾಯ ಆಗೋ ಥರ ಇರೋನನ್ನ ರಕ್ಷಣೆಗೆ ತಗೊಂಡು 24 ಗಂಟೆ ಒಳಗೆ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರ್ಕೊಂಡು ಹೋಗ್ಬೇಕು, ಲಾಕಪ್ಪಲ್ಲಿ ಇಡಂಗೇ ಇಲ್ಲ. ನಿಮ್ಹಾನ್ಸ್ ನಮ್ಮೂರಲ್ಲೇ ಇದೆ, ರಾಜ್ಯದ ಬೇರೆ ಊರಿನವ್ರಿಗಿಂತ ನಾವು ಪುಣ್ಯವಂತರು. ಬೆಂಗಳೂರಿನ ಪ್ರತಿ ಡಿವಿಷನ್ನಿಗೂ ಇಂಥ ಕಾಲ್ ಬಂದಾಗ ಪೊಲೀಸ್ ಜೊತೆ ಹೋಗೋಕೆ ಒಬ್ಬ ಮನೋರೋಗ ನರ್ಸನ್ನ ಆದ್ರೂ ಕೊಡ್ಬೇಕು ಅಂತ ನಾನು ಸರ್ವೀಸಲ್ಲಿದ್ದಾಗ್ಲೂ ಹೇಳ್ತಿದ್ದೆ, ಈಗ್ಲೂ ಹೇಳ್ತೀನಿ.

ಇಷ್ಟು ಕಾಯೋದನ್ನ ಹೊಗಳಿದ್ಮೇಲೆ ಇನ್ನೊಂದು ಮುಖ ಹೇಳ್ದೇ ಇದ್ರೆ ಮೋಸ ಆಗುತ್ತೆ. ನೀವು ಕೇಳಿದ್ರಲ್ಲ, ಅಷ್ಟು ಹೊತ್ತಲ್ಲಿ ಆಯಮ್ಮಂಗೆ ಏನಾದ್ರೂ ಆಗಿದ್ರೆ ಅಂತ. 2022ರ ಮೇ 24ರಂದು ಟೆಕ್ಸಾಸಿನ ಉವಾಲ್ಡೇಲಿ ಒಬ್ಬ ಬಂದೂಕು ಹಿಡಿದು ಪ್ರೈಮರಿ ಸ್ಕೂಲಿಗೆ ನುಗ್ಗಿ 19 ಮಕ್ಕಳು, 2 ಟೀಚರ್‌ಗಳನ್ನ ಕೊಂದ. ಒಟ್ಟು 376 ಪೊಲೀಸರು ಅಲ್ಲಿಗೆ ಬಂದಿದ್ರು, ಆದ್ರೆ ಅವನಿದ್ದ ರೂಮಿನ ಒಳಗೆ ಹೋಗೋಕೆ 77 ನಿಮಿಷ ತಗೊಂಡ್ರು, ಒಳಗಿಂದ ಮಕ್ಕಳೇ ಫೋನ್ ಮಾಡಿ ಪೊಲೀಸರನ್ನ ಕಳ್ಸಿ ಅಂತ ಬೇಡ್ಕೊಳ್ತಿದ್ವು. ಅಲ್ಲಿ ಸ್ಥಳದ ಮುಖ್ಯಸ್ಥರು ಇದನ್ನ ಬಾಗಿಲು ಹಾಕ್ಕೊಂಡು ಕೂತವನ ಕೇಸು ಅಂದ್ಕೊಂಡ್ರು, ಇದ್ದಿದ್ದು ಕೊಲೆ ಮಾಡ್ತಾ ಇರೋನ ಕೇಸು. 1999ರಲ್ಲಿ ಅಮೆರಿಕದ ಕೊಲಂಬೈನ್ ಸ್ಕೂಲಲ್ಲಿ ಗುಂಡಿನ ದಾಳಿ ಆದ್ಮೇಲೇ ಪಾಠ ಬದಲಾಗಿತ್ತು, ಒಳಗೆ ಕೊಲೆ ನಡೀತಿದ್ರೆ ಸ್ಪೆಷಲ್ ಫೋರ್ಸ್‌ಗೆ ಕಾಯ್ದೆ ಮೊದ್ಲು ಬಂದ ಇಬ್ಬರೋ ಮೂವರೋ ನುಗ್ಗಬೇಕು ಅಂತ. ಹಾಗಾಗಿ ಮೊದಲ ಐದು ನಿಮಿಷದಲ್ಲಿ ಸ್ಪಾಟಲ್ಲಿರೋ ಅಧಿಕಾರಿ ಉತ್ತರ ಕಂಡ್ಕೋಬೇಕಾದ ಪ್ರಶ್ನೆ ಒಂದೇ, ಈ ಕ್ಷಣ ಒಳಗೆ ಯಾರಾದ್ರೂ ಗಾಯ ಆಗಿ ರಕ್ತ ಸುರೀತಿದ್ಯಾ, ಯಾರನ್ನಾದ್ರೂ ಹೊಡೀತಿದ್ದಾನಾ? ಹೌದು ಅಂದ್ರೆ ಬಾಗಿಲು ಮುರಿ, ಅಪಾಯ ನಿನಗೇ ಬರ್ಲಿ. ಇಲ್ಲ ಅಂದ್ರೆ ಕೂತ್ಕೋ. ನಿಮ್ಮ ಎದುರು ಮನೇಲಿ ಆಯಮ್ಮ ಮಾತಾಡ್ತಿದ್ರು ಅನ್ನೋದು ಇನ್ಸ್‌ಪೆಕ್ಟರ್‌ಗೆ ಗೊತ್ತಿತ್ತು. ಆ ಧ್ವನಿ ನಿಂತಿದ್ರೆ ಅವರೂ ಬೇರೆ ಥರ ಯೋಚಿಸ್ಬೇಕಾಗ್ತಿತ್ತು, ಅದಕ್ಕೆ ಬಾಗಿಲು ಒಡೆಯೋ ಟೀಮು ಮೆಟ್ಟಿಲ ಕೆಳಗೆ ಮೊದ್ಲಿಂದ್ಲೇ ರೆಡಿ ಇರ್ಬೇಕು, ಮಾತು ಬೇಡ ಅಂತಲ್ಲ, ಮಾತಿನ ಜೊತೆಗೆ.

ಕಾದು ಕಾದು ಕೆಟ್ಟಿದ್ದೂ ನಮ್ಮೂರಲ್ಲೇ ಇದೆ. 1991ರ ಆಗಸ್ಟಲ್ಲಿ ರಾಜೀವ್ ಗಾಂಧಿ ಹತ್ಯೆ ಕೇಸಿನ ಶಿವರಾಸನ್ ಕೋಣನಕುಂಟೆಯ ಒಂದು ಮನೇಲಿ ಇರೋದು ಗೊತ್ತಾಗಿ ಸುತ್ತುವರಿದ್ರು. ಅವನು ಜೀವಂತ ಬೇಕಾಗಿತ್ತು, ಒಳಗಿರೋರ ಕುತ್ತಿಗೇಲಿ ಸಯನೈಡ್ ಇತ್ತು, ಕಮಾಂಡೋಗಳಿಗೆ, ಪ್ರತಿವಿಷಕ್ಕೆ, ಮೇಲಿನವ್ರ ಒಪ್ಪಿಗೆಗೆ ಅಂತ ಒಂದು ದಿನಕ್ಕೂ ಜಾಸ್ತಿ ಹೋಯ್ತು. 20ನೇ ತಾರೀಕು ಬೆಳಗ್ಗೆ ನುಗ್ಗಿದಾಗ ಏಳೂ ಜನ ಹೆಣ. ಕಾದಿದ್ದು ತಪ್ಪು ಅಂತ ನಾನು ಸುಲಭವಾಗಿ ಹೇಳಲ್ಲ, ಅಂಥವ್ರ ಜೊತೆ ಯಾವ ಮಾತುಕತೆ. ಆದ್ರೆ ಅಲ್ಲಿ ಕಾಯ್ತಿದ್ದಿದ್ದು ಒಳಗಿರೋನ ಮನಸ್ಸು ಕರಗಲಿ ಅಂತ ಅಲ್ಲ, ದೂರದಿಂದ ಬರೋ ಅಪ್ಪಣೆಗೆ. ಈಗ ರಾಜ್ಯದ್ದೇ ಗರುಡ ಕಮಾಂಡೋ ಪಡೆ ಬೆಂಗಳೂರಲ್ಲಿದೆ, ಆಗ ಇರ್ಲಿಲ್ಲ.

ಜನ, ಮೊಬೈಲು. ಇದರ ಬಗ್ಗೆ ಬೈದು ಬಿಡ್ತೀನಿ. 2010ರ ಆಗಸ್ಟ್ 23ರಂದು ಫಿಲಿಪೈನ್ಸಿನ ಮನಿಲಾದಲ್ಲಿ ಕೆಲಸ ಕಳ್ಕೊಂಡ ಒಬ್ಬ ಪೊಲೀಸ್ ಅಧಿಕಾರಿ ಟೂರಿಸ್ಟ್ ಬಸ್ ಹಿಡ್ಕೊಂಡು ಕೂತ. ಬಸ್ಸಲ್ಲಿ ಟಿವಿ ಇತ್ತು. ಹೊರಗೆ ತನ್ನ ತಮ್ಮನನ್ನ ಪೊಲೀಸರು ಎಳ್ಕೊಂಡು ಹೋಗೋದನ್ನ ಆ ಟಿವೀಲಿ ಲೈವ್ ನೋಡಿ ಗುಂಡು ಹಾರಿಸೋಕೆ ಶುರು ಮಾಡ್ದ, ಹಾಂಗ್‌ಕಾಂಗಿನ 8 ಪ್ರವಾಸಿಗರು ಸತ್ರು. ನಮ್ಮಲ್ಲಿ 26/11ರಲ್ಲಿ ಟಿವಿ ಲೈವ್ ಬಗ್ಗೆ ಸುಪ್ರೀಂ ಕೋರ್ಟು 2012ರ ಕಸಬ್ ತೀರ್ಪಲ್ಲಿ ಕಟುವಾಗಿ ಹೇಳ್ತು, 2015ರಲ್ಲಿ ಭಯೋತ್ಪಾದನೆ ವಿರುದ್ಧದ ಕಾರ್ಯಾಚರಣೆ ಲೈವ್ ತೋರಿಸಂಗಿಲ್ಲ ಅಂತ ಕೇಬಲ್ ಟಿವಿ ನಿಯಮಾನೇ ಬಂತು. ಆದ್ರೆ ನಿಮ್ಮ ಬೀದೀಲಿ ಟೆರೇಸ್ ಮೇಲೆ ಲೈವ್ ಹೋಗ್ತಿದ್ದ ಹುಡುಗನಿಗೆ ಆ ನಿಯಮ ಎಲ್ಲಿ? ಒಳಗಿರೋನ ಕೈಲೂ ಫೋನಿದೆ, ಹಿಂದಿನ ಸಜ್ಜಾ ಮೇಲೆ ಇಬ್ಬರು ಪೊಲೀಸರು ಹತ್ತಿದ್ದು ಅವನಿಗೆ ನಿಮ್ಮ ವಿಡಿಯೋದಿಂದ್ಲೇ ಗೊತ್ತಾಗುತ್ತೆ. ಬೀದಿಯ ಎರಡೂ ತುದೀಲಿ ಬ್ಯಾರಿಕೇಡ್ ಹಾಕಿ ಜನರನ್ನ ದೂರ ಇಡ್ಲಿಲ್ಲ ಅನ್ನೋದು, ನೀವು ಬರೆದಿದ್ರಿಂದ ನೋಡಿದ್ರೆ, ಆ ರಾತ್ರಿಯ ಎರಡನೇ ತಪ್ಪು.

ಟಿಯರ್ ಗ್ಯಾಸ್ ಹೊಡೀಬೋದಿತ್ತಲ್ಲ ಅಂತಾನೂ ಯಾರೋ ಅಂದಿರ್ತಾರೆ. ಮುಚ್ಚಿದ ರೂಮು, ಒಳಗೆ ಗ್ಯಾಸ್ ಸಿಲಿಂಡರು, ಪರದೆ, ಹಾಸಿಗೆ. ಆ ಶೆಲ್ ಬಿಸಿ ಆಗುತ್ತೆ, ಬೆಂಕಿ ಹತ್ಬೋದು. ಫಿಲಡೆಲ್ಫಿಯಾದಲ್ಲಿ 1985ರಲ್ಲಿ ಒಂದು ಮನೆ ಖಾಲಿ ಮಾಡ್ಸೋಕೆ ಹೋಗಿ ಪೊಲೀಸರು ಹೆಲಿಕಾಪ್ಟರಿಂದ ಬಾಂಬೇ ಹಾಕಿದ್ರು, ಬೆಂಕಿ ಹರಡಿ 61 ಮನೆ ಸುಟ್ಟು ಮಕ್ಕಳು ಸೇರಿ 11 ಜನ ಸತ್ರು. ಗೋಡೆಗೆ ಗೋಡೆ ಅಂಟ್ಕೊಂಡಿರೋ ನಮ್ಮ ಬಡಾವಣೆಗಳಲ್ಲಿ ಕೂತು ಅದನ್ನ ಓದ್ಬೇಕು.

ಮುಂದೆ ಇಂಥದ್ದೇನಾದ್ರೂ ಆದ್ರೆ 112ಕ್ಕೆ ಫೋನ್ ಮಾಡಿದಾಗ ಗಲಾಟೆ ಆಗ್ತಿದೆ ಬನ್ನಿ ಅಂತಷ್ಟೇ ಹೇಳ್ಬೇಡಿ. ಒಳಗೆ ಎಷ್ಟು ಜನ, ಕೈಲಿ ಏನಿದೆ, ಕಾಯಿಲೆ ಇದ್ಯಾ, ಹಿಂದುಗಡೆ ಬಾಗಿಲಿದ್ಯಾ ಅಂತ ಹೇಳಿ. ಓನರ್ ಹತ್ರ ಡೂಪ್ಲಿಕೇಟ್ ಕೀ ಇದ್ರೆ, ಅದೇ ನಮೂನೆಯ ಮನೆ ಕೆಳಗೋ ಮೇಲೋ ಇದ್ರೆ ಬಂದ ಪೊಲೀಸರಿಗೆ ತೋರ್ಸಿ, ಒಳಗೆ ರೂಮು ಹೇಗಿದೆ ಅಂತ ಅವ್ರಿಗೆ ಗೊತ್ತಾದ್ರೆ ಅರ್ಧ ಕೆಲ್ಸ ಆದಂಗೆ.

ಮನೆ ಖಾಲಿ ಮಾಡ್ಸೋ ವಿಷಯ. ಅದು ಆ ಮನೆ ಓನರ್‌ಗೆ ಬಿಟ್ಟಿದ್ದು, ನಿಮ್ಮ ಭಯವೂ ಸುಳ್ಳಲ್ಲ, ಎದುರು ಮನೆ. ಆದ್ರೆ ಖಾಲಿ ಮಾಡ್ಸಿದ್ರೆ ಆ ತಾಯಿ ಮಗನ್ನ ಕರ್ಕೊಂಡು ಯಾರಿಗೂ ಗೊತ್ತಿಲ್ದೇ ಇರೋ ಇನ್ನೊಂದು ಬೀದಿಗೆ ಹೋಗ್ತಾರೆ, ಅಲ್ಲಿ ಮಾತ್ರೆ ನಿಂತ್ರೆ ಹೇಳೋಕೂ ಯಾರಿರಲ್ಲ. ನನ್ನ ಕೇಳಿದ್ರೆ, ಅವನು ವಾಪಸ್ ಬಂದ್ಮೇಲೆ ನೀವು ಹೆಂಗಸ್ರು ಇಬ್ಬರು ಮೂವರು ಹೋಗಿ ಆಯಮ್ಮನ್ನ ಮಾತಾಡ್ಸಿ, ಮುಂದಿನ ಸಲ ಆಸ್ಪತ್ರೆಗೆ ಯಾವಾಗ ಹೋಗ್ಬೇಕು, ಮಾತ್ರೆ ಯಾರು ಕೊಡ್ತಾರೆ ಅಂತ ಕೇಳಿ, ನಿಮ್ಮ ಬೀಟ್ ಪೊಲೀಸ್ ನಂಬರು ಅವ್ರ ಫೋನಲ್ಲಿ ಹಾಕ್ಕೊಡಿ. 14416 ಅಂತ ಟೆಲಿ ಮಾನಸ್ ನಂಬರಿದೆ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡ್ಬೋದು, ಕನ್ನಡದಲ್ಲೇ ಮಾತಾಡ್ತಾರೆ, ಅದನ್ನೂ ಬರ್ಕೊಡಿ. ಮಚ್ಚು ಸ್ಟೇಷನ್ನಲ್ಲಿದೆ ಬಿಡಿ, ಅಡುಗೆಮನೇಲಿ ತೆಂಗಿನಕಾಯಿ ಒಡೆಯೋಕೆ ಇನ್ನೊಂದು ಇದ್ರೆ ಸ್ವಲ್ಪ ದಿನ ನಿಮ್ಮನೇಲಿಟ್ಕೊಳ್ಳಿ.